ಜೈಲಿನ ಹುಡುಕು ಯಂತ್ರಕ್ಕೆ, ಬೀಗದವನ ತಾಯಿಯಿಂದ

ಈ ಲಕೋಟೆ ಒಡೆದವರು ಯಾರೇ ಆಗಿರಲಿ, ಮೊದಲು ಕೈಯಲ್ಲಿರುವ ಚಹಾ ಲೋಟ ಕೆಳಗಿಡಿ, ಕಾಲ ಮೇಲಿನ ಕಾಲು ಇಳಿಸಿ, ನೆಟ್ಟಗೆ ಕೂತುಕೊಳ್ಳಿ. ಉದ್ದ ನೋಡಿ ಕೊನೆಯ ಸಾಲಿಗೆ ಹಾರುವ ಅಭ್ಯಾಸ ನಿಮ್ಮ ಕಚೇರಿಯಲ್ಲಿ ಎಲ್ಲರಿಗೂ ಇದೆ. ಮೂರು ದಿನ ನಿಮ್ಮೆದುರಿನ ಬೆಂಚಿನ ಮೇಲೆ ಕೂತು ನೋಡಿದ್ದೇನೆ. ಪತ್ರ ನಿಮಗಲ್ಲ, ನಿಮ್ಮ ಹಜಾರದಲ್ಲಿ ನೀರಿನ ಡ್ರಮ್ಮಿನ ಪಕ್ಕ ನಿಂತಿರುವ ಯಂತ್ರಕ್ಕೆ. ಅದಕ್ಕೆ ತಾನಾಗಿ ಓದಲು ಬಾರದ ಕಾರಣ ನೀವು ಎದುರಿಗೆ ನಿಂತು ಗಟ್ಟಿಯಾಗಿ ಓದಿ ಹೇಳಬೇಕು. ನುಂಗಿಬಿಟ್ಟರೆ ನನಗೆ ತಿಳಿಯುತ್ತದೆ, ಏಕೆಂದರೆ ಇದರ ಒಂದು ನಕಲನ್ನು ಪತ್ರಿಕೆಗೂ ಕೊಟ್ಟಿದ್ದೇನೆ.

ಬಂಧಿತರ ಮಾಹಿತಿ ಯಂತ್ರವಾದ ಮಾನ್ಯರೇ,

ತಮಗೂ, ತಮ್ಮ ಬೆನ್ನ ಹಿಂದೆ ಟೇಪು ಸುತ್ತಿಸಿಕೊಂಡಿರುವ ತಂತಿಗೂ, ತಮ್ಮ ಮುಖದ ಮೇಲೆ ಇನ್ನೂ ಕೀಳದೆ ಉಳಿಸಿರುವ ಪ್ಲಾಸ್ಟಿಕ್ ಹಾಳೆಗೂ ನನ್ನ ಸವಿನಯ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಕ್ಷೇಮವಿಲ್ಲದವರೇ ದಿನವಿಡೀ ತಮ್ಮ ಮುಂದೆ ಬಂದು ನಿಲ್ಲುವುದರಿಂದ ಆ ಮಾತಿನ ಬೆಲೆ ತಮಗಿಂತ ಹೆಚ್ಚು ಇನ್ನಾರಿಗೆ ಗೊತ್ತಿರಬೇಕು?

ನಾನು ನಾಲ್ಕನೇ ತರಗತಿಯವರೆಗೆ ಓದಿದವಳು, ಅಕ್ಷರ ದಪ್ಪ. ನನ್ನ ಮಗ ಬಸ್ ನಿಲ್ದಾಣದ ಎದುರು, ಚಪ್ಪಲಿ ಹೊಲಿಯುವವರ ಪಕ್ಕದ ಡಬ್ಬಾ ಅಂಗಡಿಯಲ್ಲಿ ಬೀಗ ರಿಪೇರಿ ಮಾಡುತ್ತಾನೆ. ಸುತ್ತಲಿನವರು ಅವನನ್ನು ಬೀಗದಣ್ಣ ಎನ್ನುತ್ತಾರೆ. ಕೀಲಿ ಕಳೆದುಕೊಂಡವರು ಕರೆದರೆ ಹೋಗಿ, ಬಾಗಿಲಿಗೆ ಕಿವಿ ಹಚ್ಚಿ, ಎರಡು ಕಡ್ಡಿ ಆಡಿಸಿ, ಬೀಗಕ್ಕೂ ಬಾಗಿಲಿಗೂ ಒಂದು ಗೀರು ಬೀಳದ ಹಾಗೆ ತೆಗೆದುಕೊಡುತ್ತಾನೆ. ಇಪ್ಪತ್ತೈದು ವರ್ಷದಲ್ಲಿ ಒಂದು ಬೀಗವನ್ನೂ ಒಡೆದವನಲ್ಲ. ಆ ಕೆಲಸಕ್ಕೆ ಅವನಿಗೆ ಬೆರಳೇ ಕಣ್ಣು. ಕಾಗದ ಓದುವುದಕ್ಕೆ ಮಾತ್ರ ಕನ್ನಡಕ ಬೇಕು. ಈ ಕನ್ನಡಕವನ್ನು ದಯವಿಟ್ಟು ತಮ್ಮ ನೆನಪಿನಲ್ಲಿ ಎಲ್ಲಾದರೂ ಒಂದು ಮೂಲೆಯಲ್ಲಿ ಇಟ್ಟುಕೊಂಡಿರಿ.

ಕಳೆದ ತಿಂಗಳ ಮೊದಲ ಮಂಗಳವಾರ ಮಧ್ಯಾಹ್ನ ಇಸ್ತ್ರಿ ಮಾಡಿದ ಅಂಗಿಯ ಗೃಹಸ್ಥರೊಬ್ಬರು ಬಂದು, ಮನೆ ಕೀಲಿ ಕಳೆದುಹೋಗಿದೆ ಎಂದು ಅವನನ್ನು ಕರೆದುಕೊಂಡು ಹೋದರು. ಮಗ ಬಾಗಿಲು ತೆಗೆದುಕೊಟ್ಟ. ಆಮೇಲೆ ತಿಳಿದದ್ದು, ಮನೆ ಅವರದ್ದಲ್ಲ, ಅವರ ಅಣ್ಣನದು. ಇಬ್ಬರೂ ಮಾತು ಬಿಟ್ಟು ವರ್ಷವಾಗಿತ್ತು. ತಮ್ಮನಿಗೆ ಬೇಕಾಗಿದ್ದದ್ದು ಒಳಗಿದ್ದ ತಾಯಿಯ ಹೊಲಿಗೆ ಮಿಷನ್ನು. ಎದುರುಮನೆಯವರು ಫೋನು ಮಾಡಿ ಪೊಲೀಸರು ಬರುವಷ್ಟರಲ್ಲಿ ಆ ತಮ್ಮ ಮಿಷನ್ನನ್ನು ಎತ್ತಿಕೊಂಡು ಹಿಂಬಾಗಿಲಿನಿಂದ ಹೋಗಿಯಾಗಿತ್ತು. ನನ್ನ ಮಗ ಹೋಗಿರಲಿಲ್ಲ, ಏಕೆಂದರೆ ಅವನು ಹೊಸ್ತಿಲಲ್ಲಿ ಕೂತು ಆ ಬೀಗಕ್ಕೆ ಎಣ್ಣೆ ಬಿಡುತ್ತಿದ್ದ. ಕಳ್ಳತನಕ್ಕೆ ಬಂದವನು ಎಣ್ಣೆ ಬಿಡುತ್ತ ಕೂರುತ್ತಾನೆಯೇ ಎಂದು ಯಾರೂ ಕೇಳಲಿಲ್ಲ.

ಅವನನ್ನು ಹಿಡಿದುಕೊಂಡು ಹೋದ ಸುದ್ದಿ ತಂದವರು ಚಪ್ಪಲಿ ಹೊಲಿಯುವವರು. ಅವನ ಕನ್ನಡಕ ಡಬ್ಬಾ ಅಂಗಡಿಯ ಮೊಳೆಯಲ್ಲೇ ನೇತಾಡುತ್ತಿತ್ತು. ಸೊಸೆ ಅದನ್ನು ತೆಗೆದು ನನ್ನ ಕೈಗಿಟ್ಟು, “ಅತ್ತೆ, ಇದು ಬೇಗ ಅವರ ಕೈ ಸೇರಬೇಕು. ಏನೋ ಕಾಗದ ಕೊಟ್ಟು ಸಹಿ ಹಾಕು ಅಂದ್ರೆ ಹಾಕಿಬಿಡ್ತಾರೆ, ಕಾಣಲ್ಲ ಅಂತ ಹೇಳೋಕೂ ನಾಚಿಕೆ ಆ ಮನುಷ್ಯನಿಗೆ” ಎಂದಳು. ನಾನೂ ಸೊಸೆಯೂ ಒಂದು ಮಾತಿಗೆ ಬರುವುದು ಅಪರೂಪ, ಅಂದು ಬಂದೆವು. ಅವಳು ವಕೀಲರನ್ನು ಹುಡುಕಿಕೊಂಡು ಹೋದಳು, ನಾನು ಕನ್ನಡಕವನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಠಾಣೆಗೆ ಹೋದೆ. ಜೈಲಿಗೆ ಕಳಿಸಿಯಾಯಿತು ಎಂದರು. ಎರಡು ಜೈಲಿದೆಯಲ್ಲ, ಯಾವುದು ಎಂದರೆ, ಅದೆಲ್ಲ ಯಂತ್ರದಲ್ಲಿ ಬರುತ್ತದೆ ಎಂದರು. ಹೀಗೆ ತಮ್ಮ ದರ್ಶನವಾಯಿತು.

ತಾವು ಕೇಳಿದ್ದು ಮೂರೇ ಮೂರು: ಹೆಸರು, ತಂದೆಯ ಹೆಸರು, ಹುಟ್ಟಿದ ದಿನ. ಮೂರನೆಯದಕ್ಕೆ ನನ್ನಷ್ಟು ನಂಬಿಕಸ್ಥ ಸಾಕ್ಷಿ ಭೂಮಿಯ ಮೇಲೆ ಇನ್ನೊಬ್ಬರಿಲ್ಲ. ಹೆತ್ತವಳು ನಾನು, ಆ ಕೋಣೆಯಲ್ಲಿ ನಾನೇ ಇದ್ದೆ. ಮಾರ್ಚ್ ಹನ್ನೊಂದು ಎಂದು ಒತ್ತಿದೆ. ತಾವು ಸ್ವಲ್ಪ ಹೊತ್ತು ಚಕ್ರ ತಿರುಗಿಸಿ, ಅಂಥ ದಾಖಲೆ ಯಾವುದೂ ಕಂಡುಬಂದಿಲ್ಲ ಎಂದಿರಿ. ಮೂರು ದಿನದಲ್ಲಿ ಹತ್ತೊಂಬತ್ತು ಸಲ ಒತ್ತಿದೆ. ಹತ್ತೊಂಬತ್ತು ಸಲವೂ ತಾವು ಅದೇ ಉತ್ತರವನ್ನು ಅದೇ ಬಣ್ಣದಲ್ಲಿ, ಮುಖ ಸಿಂಡರಿಸದೆ ಕೊಟ್ಟಿರಿ. ಅಷ್ಟು ಸಹನೆ ನನ್ನ ಗಂಡನಲ್ಲಿ ಇದ್ದಿದ್ದರೆ ನಮ್ಮ ಸಂಸಾರವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ನಾಲ್ಕು ಜನಕ್ಕೆ ತೋರಿಸಬಹುದಾಗಿತ್ತು. ನಡುವೆ ಒಮ್ಮೆ ತಾವು ನನ್ನ ಮೇಲೆಯೇ ಅನುಮಾನಪಟ್ಟು, ನಾನು ಯಂತ್ರವಲ್ಲವೆಂದು ರುಜುವಾತು ಕೇಳಿ, ಮೆಟ್ಟಿಲಿರುವ ಚಿತ್ರಗಳನ್ನು ಆರಿಸಲು ಹೇಳಿದಿರಿ. ತಮ್ಮ ಹಜಾರಕ್ಕೆ ಇಪ್ಪತ್ತೆರಡು ಮೆಟ್ಟಿಲು ಹತ್ತಿ ಬಂದವಳ ಮಂಡಿಯನ್ನು ಕೇಳಿದ್ದರೆ ಸಾಕಿತ್ತು. ಆದರೂ ಗೌರವಕ್ಕೆ ಕಟ್ಟುಬಿದ್ದು ಆರಿಸಿದೆ.

ಕಿಟಕಿಯ ಗುಮಾಸ್ತರು ತಮ್ಮ ಪರಮ ಭಕ್ತರು. ಅವರ ಬೆನ್ನ ಹಿಂದಿನ ಬಾಗಿಲ ಆಚೆ ಕೈದಿಗಳ ಊಟದ ತಟ್ಟೆ ಸದ್ದು ನನಗೆ ಕೇಳುತ್ತಿತ್ತು. ಎದ್ದು ಹತ್ತು ಹೆಜ್ಜೆ ಹೋಗಿ ಒಮ್ಮೆ ಕೂಗಿ ನೋಡಪ್ಪ ಎಂದು ಬೇಡಿಕೊಂಡೆ. “ಯಂತ್ರದಲ್ಲಿ ಇಲ್ಲ ಅಂದ್ರೆ ಒಳಗೂ ಇಲ್ಲ ಅಜ್ಜಿ. ಮನೇಲಿ ನೋಡಿ, ಅಲ್ಲೇ ಇರ್ತಾರೆ” ಎಂದರು. ಮನೆಯಲ್ಲಿ ಮೊಮ್ಮಗಳು, ಅಪ್ಪ ಎಲ್ಲಿ ಎಂದು ಕೇಳುತ್ತಿದ್ದಳು. ಯಂತ್ರಕ್ಕೂ ಗೊತ್ತಿಲ್ಲವಂತೆ ಎಂದು ಹೇಳಿ ಮಲಗಿಸಿದೆ.

ಮೂರನೆಯ ದಿನ ಹತ್ತು ಗಂಟೆಗೆ ಒಳಗಿನಿಂದ ಕಾವಲುಗಾರರೊಬ್ಬರು ನಗುತ್ತ ಬಂದು ಗುಮಾಸ್ತರಿಗೆ ಒಂದು ಸುದ್ದಿ ಹೇಳಿದರು. ನಮೂನೆ ಕಾಗದಗಳನ್ನಿಡುವ ಕಬ್ಬಿಣದ ಬೀರು ಎರಡು ವರ್ಷದಿಂದ ಸಿಕ್ಕಿಕೊಂಡಿತ್ತಂತೆ, ಎಂಥೆಂಥವರೋ ಬಂದು ಒದ್ದು ಹೋಗಿದ್ದರಂತೆ. ಈಗ ಹೊಸದಾಗಿ ಬಂದ ಕೈದಿಯೊಬ್ಬ ಅದಕ್ಕೆ ಕಿವಿ ಹಚ್ಚಿ, ಎರಡು ತಂತಿ ಚೂರು ಆಡಿಸಿ, ಅರ್ಧ ಗಂಟೆಯಲ್ಲಿ ಗೀರು ಬೀಳದ ಹಾಗೆ ತೆಗೆದು, ಎಣ್ಣೆ ಇದೆಯಾ ಎಂದು ಕೇಳಿದನಂತೆ.

ಬೆಂಚಿನ ಮೇಲಿಂದ ಎದ್ದು ನಿಂತೆ. ಅದು ನನ್ನ ಮಗ, ಇನ್ನು ಯಾವ ಸಾಕ್ಷಿಯೂ ಬೇಡ ಎಂದೆ. ಗುಮಾಸ್ತರು ತಲೆ ಕೆರೆದುಕೊಂಡು, ಹಾಗಾದರೆ ನೀವು ಹುಟ್ಟಿದ ದಿನ ತಪ್ಪು ಒತ್ತಿರಬೇಕು, ಶಾಲೆಯ ಕಾಗದದಲ್ಲಿ ಏನಿದೆಯೋ ಅದನ್ನೇ ಪೊಲೀಸರು ಬರೆದುಕೊಳ್ಳುವುದು ಎಂದರು.

ಮಾನ್ಯರೇ, ಇಲ್ಲಿ ನಾನು ತಪ್ಪೊಪ್ಪಿಗೆ ಕೊಡಬೇಕಾಗಿದೆ. ಇವನನ್ನು ಶಾಲೆಗೆ ಸೇರಿಸುವಾಗ ನಾನು ಇಟ್ಟಿಗೆ ಗೂಡಿನ ಕೆಲಸಕ್ಕೆ ಹೋಗುತ್ತಿದ್ದೆ, ಮನೆಯಲ್ಲಿ ನೋಡಿಕೊಳ್ಳುವವರು ಇರಲಿಲ್ಲ, ವಯಸ್ಸಿಗೆ ಒಂಬತ್ತು ತಿಂಗಳು ಕಡಿಮೆ ಬೀಳುತ್ತಿತ್ತು. ಅಕ್ಕನ ಜೊತೆ ಇವನೂ ಕೂರಲಿ ಎಂದು ಮುಖ್ಯೋಪಾಧ್ಯಾಯರ ಎದುರು ನಿಂತು ಕಣ್ಣು ಮಿಟುಕಿಸದೆ ಸುಳ್ಳು ಹೇಳಿದೆ. ಅವರು ನನ್ನ ಮುಖ ನೋಡಿದರು, ಮಗುವಿನ ಎತ್ತರ ನೋಡಿದರು, ನಿಟ್ಟುಸಿರು ಬಿಟ್ಟು ಜೂನ್ ಒಂದು ಎಂದು ಬರೆದುಕೊಂಡರು. ಆ ವರ್ಷ ಅವರ ತರಗತಿಯಲ್ಲಿ ಅರ್ಧ ಮಕ್ಕಳು ಜೂನ್ ಒಂದರಂದೇ ಹುಟ್ಟಿದ್ದರು. ನಲವತ್ತು ವರ್ಷ ನನಗದು ಮರೆತೇ ಹೋಗಿತ್ತು. ಮೂರು ದಿನ ನಾನು ತಮ್ಮ ಮುಂದೆ ಸತ್ಯ ಒತ್ತುತ್ತ ನಿಂತಿದ್ದೆ, ತಾವು ನನ್ನ ಹಳೆಯ ಸುಳ್ಳಿಗಾಗಿ ಕಾದು ನಿಂತಿದ್ದಿರಿ. ಅವನು ಹುಟ್ಟಿದ್ದಕ್ಕೆ ಹಿಂದಿನ ವರ್ಷದ ಜೂನ್ ಒಂದು ಎಂದು ಒತ್ತಿದೊಡನೆ ಮಗನ ಮುಖ ಬಂತು, ಕನ್ನಡಕವಿಲ್ಲದೆ, ಕಣ್ಣು ಕಿರಿದು ಮಾಡಿಕೊಂಡು. ಕೆಳಗೆ ಬರೆದಿತ್ತು: ಬೀಗ ಮುರಿದು ಮನೆಗೆ ನುಗ್ಗಿದ್ದು, ತಪ್ಪೊಪ್ಪಿಕೊಂಡು ಸಹಿ ಹಾಕಿದ್ದಾನೆ.

ಸಹಿ ಹಾಕಿದ್ದು ಎರಡನೆಯ ದಿನ. ಕನ್ನಡಕ ಆಗ ತಮ್ಮೆದುರಿನ ಬೆಂಚಿನ ಮೇಲೆ ನನ್ನ ಸೆರಗಿನಲ್ಲಿತ್ತು. ಸರಳಿನ ಆಚೆ ಬಂದು ನಿಂತ ಮಗ ಅದನ್ನು ಹಾಕಿಕೊಂಡು, ತನ್ನದೇ ಕಾಗದದ ನಕಲನ್ನು ಎರಡು ಸಲ ಓದಿದ. “ಅಮ್ಮ, ಮುರಿದು ಅಂತ ಬರೆದಿದ್ದಾರೆ” ಎಂದ. ಜೈಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಆರನೆಯ ದಿನ ಹೊಲಿಗೆ ಮಿಷನ್ನಿನ ಸಮೇತ ಆ ತಮ್ಮ ಸಿಕ್ಕಿದರು. ನ್ಯಾಯಾಧೀಶರು ಬೀಗವನ್ನು ತರಿಸಿ, ತಾವೇ ಹಾಕಿ ತೆಗೆದು ನೋಡಿ, ಇದರಲ್ಲಿ ಮುರಿದದ್ದು ಏನಿದೆ ಎಂದು ಕೇಳಿ, ಮೊಕದ್ದಮೆ ಇಲ್ಲವೆಂದು ಬರೆದು ಮಗನನ್ನು ಮನೆಗೆ ಕಳಿಸಿದರು. ಎಲ್ಲರೂ ಒಪ್ಪಿಕೊಂಡರು, ತಾವೊಬ್ಬರನ್ನು ಬಿಟ್ಟು. ಒಳಗಿದ್ದಾಗ ಇಲ್ಲವೆಂದಿರಿ, ಈಗ ನನ್ನ ಪಕ್ಕದಲ್ಲಿ ಕೂತು ಊಟ ಮಾಡುತ್ತಿರುವವನನ್ನು ಒಳಗಿದ್ದಾನೆ ಎನ್ನುತ್ತಿದ್ದೀರಿ. ಈಗ ಹುಡುಕುವುದೂ ಬಹಳ ಸಲೀಸು. ತಮ್ಮಿಂದ ನಕಲು ಮಾಡಿಕೊಂಡ ಇಂಟರ್ನೆಟ್ಟಿನ ಬೇರೆ ಪುಟಗಳು ಹುಟ್ಟಿದ ದಿನವನ್ನು ಕೇಳುವುದೇ ಇಲ್ಲವಂತೆ, ಹೆಸರು ಒತ್ತಿದರೆ ಯಾರ ಫೋನಿನಲ್ಲಾದರೂ ಮುಖ ಬರುತ್ತದೆ. ಕೀಲಿ ಕಳೆದವರು ಅಂಗಡಿಯ ಮುಂದೆ ಬಂದು ನಿಂತು, ಫೋನು ನೋಡಿ, ಸ್ವಲ್ಪ ಆಲೋಚಿಸಿ, ಬಾಗಿಲು ಒಡೆಸುತ್ತೇವೆ ಎಂದು ಹೊರಟುಹೋಗುತ್ತಾರೆ. ಮಗ ದಿನವಿಡೀ ತೆರೆದಿರುವ ಬೀಗಗಳನ್ನೇ ಮುಚ್ಚಿ ತೆರೆಯುತ್ತ ಕೂರುತ್ತಾನೆ. ನಂಬಿ ಮನೆ ತೋರಿಸುವವರಿಲ್ಲದಿದ್ದರೆ ಬೀಗದವನಿಗೆ ಉಳಿಯುವುದೇನು?

ಆದ್ದರಿಂದ ತಮ್ಮ ಘನತೆಗೆ ತಕ್ಕ ಕೆಲವು ಸಣ್ಣ ಬೇಡಿಕೆಗಳು. ಅವನು ಒಳಗಿದ್ದಾನೆಂಬ ಹಟ ಬಿಡದಿದ್ದರೆ, ಒಳಗಿರುವವನಿಗೆ ಸಲ್ಲಬೇಕಾದ ಊಟವನ್ನು ಎರಡು ಹೊತ್ತೂ ನನ್ನ ಕೈಗೆ ಕೊಡಿಸಬೇಕು. ಡಬ್ಬಿ ನಾನೇ ತರುತ್ತೇನೆ, ಬೇಳೆ ನೀರಾಗಿದ್ದರೆ ಅಲ್ಲೇ ಹೇಳುತ್ತೇನೆ. ಮುರಿದು ಎಂಬ ಮಾತನ್ನು ಇವತ್ತೇ ಅಳಿಸಬೇಕು. ಉಳಿದ ಅವಮಾನವನ್ನು ಹೇಗೋ ಹೊರುತ್ತಾನೆ, ಅದೊಂದನ್ನು ಹೊರಲಾರ. ಇನ್ನು, ಮುಖವೊಂದು ಇಲ್ಲದೆ ತಮಗೆ ಆ ಜಾಗ ಬಿಕೋ ಎನ್ನುವುದಾದರೆ ಅಲ್ಲಿ ನನ್ನದನ್ನು ಹಾಕಿಕೊಳ್ಳಿ. ಸರ್ಕಾರಿ ದಾಖಲೆಗೆ ಸುಳ್ಳು ತಾರೀಖು ಕೊಟ್ಟವಳು ನಾನು, ಆ ಸುಳ್ಳಿನಿಂದ ಮೂರು ದಿನ ತಡವಾಗಿ ಕನ್ನಡಕ ತಲುಪಿಸಿದವಳೂ ನಾನೇ. ಓದಿ ನೋಡಿಯೇ ಸಹಿ ಹಾಕುತ್ತೇನೆ. ಫೋಟೋಗೆ ಯಾವತ್ತು ಬರಲಿ, ತಿಳಿಸಿ.

ಮಾರ್ಚ್ ಹನ್ನೊಂದರ ಮಟ್ಟಿಗೆ ಮಾತ್ರ ತಮ್ಮ ವಿಶ್ವಾಸಿ,
ಬೀಗದವನ ತಾಯಿ

ತಾಜಾ ಕಲಂ: ದಾಖಲೆ ತೆಗೆಸಲು ಏನು ಮಾಡಬೇಕೆಂದು ಮೊನ್ನೆ ಗುಮಾಸ್ತರನ್ನು ಕೇಳಿದೆ. ಅದಕ್ಕೊಂದು ನಮೂನೆ ಇದೆಯಂತೆ, ಆ ನಮೂನೆ ಅದೇ ಕಬ್ಬಿಣದ ಬೀರುವಿನಲ್ಲಿದೆಯಂತೆ, ಬೀರು ಮತ್ತೆ ಸಿಕ್ಕಿಕೊಂಡಿದೆಯಂತೆ. ನಿನ್ನೆ ಕಾವಲುಗಾರರು ಮಗನನ್ನು ಕರೆಯಲು ಮನೆಗೇ ಬಂದಿದ್ದರು. ಮಗ ಆಗಲೇ ಎಣ್ಣೆ ಡಬ್ಬಿ ಎತ್ತಿಕೊಂಡಿದ್ದ; ನಾನು ಬಾಗಿಲಲ್ಲಿ ಅಡ್ಡ ನಿಂತು, ಯಂತ್ರದ ಪ್ರಕಾರ ಅವನು ನಿಮ್ಮಲ್ಲೇ ಇದ್ದಾನೆ, ಒಳಗೇ ಹುಡುಕಿಕೊಳ್ಳಿ ಎಂದು ಕಳಿಸಿದೆ. ಅವನು ಮನೆಯಲ್ಲಿದ್ದಾನೆಂದು ತಾವು ಒಪ್ಪಿದ ದಿನವೇ ಬಂದು ತೆಗೆದುಕೊಡುತ್ತಾನೆ, ಗೀರು ಬೀಳುವುದಿಲ್ಲ. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆಯಿರಿ.