ಒಂದು ಉಳದೈತಿ, ಬಂದು ನೋಡು

ನಮ್ಮ ಅಕ್ಕ ಅರವತ್ತು ದಾಟಿದ ಮೇಲೆ ಕಡಿಮೆಯೆಂದರೂ ಮೂವತ್ತು ಕೊಲೆ ಪತ್ತೆಹಚ್ಚಿದಳು. ಅದಕ್ಕಾಗಿ ಒಮ್ಮೆಯೂ ಮನೆಯ ಹೊಸ್ತಿಲು ದಾಟಲಿಲ್ಲ. ದಿನಾ ಬೆಳಿಗ್ಗೆ ರೊಟ್ಟಿ ತಿಂದು, ತಲೆ ಬಾಚಿಕೊಂಡು, ಪಡಸಾಲೆಯ ಮೂಲೆಯಲ್ಲಿದ್ದ ಕಂಪ್ಯೂಟರಿನ ಮುಂದೆ ಕುಳಿತರೆ ಎಂಟು ಹತ್ತು ದಿನದೊಳಗೆ ಒಬ್ಬ ಕೊಲೆಗಾರ ಸಿಕ್ಕಿಬೀಳುತ್ತಿದ್ದ. ಗಂಗಾವತಿಯಲ್ಲಿ ಇಂಥ ಹೆಣ್ಣುಮಗಳೊಬ್ಬಳು ಇದ್ದಾಳೆಂದು ಹೆಚ್ಚು ಜನಕ್ಕೆ ತಿಳಿಯಲಿಲ್ಲ. ತಿಳಿಯದ ಹಾಗೆ ನೋಡಿಕೊಂಡವನು ನಾನು. ನನಗೆ ನಾಚಿಕೆಯಾಗುತ್ತಿತ್ತು. ಈಗಲೂ ಆಗುತ್ತದೆ, ಆದರೆ ಈಗಿನದು ಬೇರೆ ನಾಚಿಕೆ.

ಅಕ್ಕ ಮದುವೆಯಾಗಲಿಲ್ಲ. ಹತ್ತಿರದ ಮರಳಿ ಎಂಬ ಹಳ್ಳಿಯ ಅಂಗನವಾಡಿಯಲ್ಲಿ ಟೀಚರ್ ಆಗಿದ್ದು, ನಿವೃತ್ತಿಯಾದ ಮೇಲೆ ನನ್ನ, ನನ್ನ ಹೆಂಡತಿಯ ಜೊತೆಗೇ ಇದ್ದಳು. ನಾನು ರೈಸ್ ಮಿಲ್ಲಿನಲ್ಲಿ ಭತ್ತದ ಲಾರಿ ತೂಗುವವನು. ಓದಿದ್ದು ಪಿಯುಸಿ, ಮಾತು ಅದಕ್ಕಿಂತ ಕಡಿಮೆ. ನನ್ನ ಮಗಳು ಮದುವೆಯಾಗಿ ಕುಷ್ಟಗಿಗೆ ಹೋಗುವಾಗ ತನ್ನ ಹಳೆಯ ಕಂಪ್ಯೂಟರ್ ಬಿಟ್ಟುಹೋದಳು. ಅದರಲ್ಲಿ ಈ ಹುಡುಕುವ ಆಟಗಳಿದ್ದವು.

ಆಟ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪರದೆಯ ಮೇಲೆ ಸಾಮಾನು ಕಿಕ್ಕಿರಿದ ಒಂದು ಕೋಣೆ. ಕೆಳಗೆ ಇಂಗ್ಲಿಷಿನಲ್ಲಿ ಹನ್ನೆರಡು ಹೆಸರು. ಆ ಹನ್ನೆರಡನ್ನೂ ರಾಶಿಯೊಳಗಿಂದ ಹುಡುಕಿ ಮೌಸಿನಿಂದ ಒತ್ತಬೇಕು. ಒತ್ತಿದ್ದು ಮಾಯವಾಗುತ್ತದೆ, ಅದರ ಹೆಸರು ಅಳಿಸಿಹೋಗುತ್ತದೆ. ನಡುನಡುವೆ ಬೀಗ ತೆಗೆಯುವ, ಚೂರು ಜೋಡಿಸುವ ಒಗಟುಗಳು. ಹೀಗೆ ಕೋಣೆಯಿಂದ ಕೋಣೆಗೆ ಹೋದರೆ ಕೊನೆಗೆ ಕೊಲೆಗಾರ. ಎಲ್ಲರೂ ಸುಮ್ಮನೆ ಆಡುತ್ತಾರೆ. ಅಕ್ಕ ಸುಮ್ಮನೆ ಆಡಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅವಳಿಗೆ ಪ್ರತಿಯೊಂದಕ್ಕೂ ಒಂದು ಅಭಿಪ್ರಾಯವಿತ್ತು. ಆಟ ಮಾಡಿದವನು ಕೈಗೆ ಸಿಗದ್ದರಿಂದ ಅದನ್ನು ನಮಗೆ ಹೇಳುತ್ತಿದ್ದಳು.

ಮೊದಲನೆಯ ತಕರಾರು ಆ ಮನೆಗಳ ಬಗ್ಗೆ.

"ಏನ್ ಮಂದಿನೋ ತಮ್ಮಾ. ಅಡಿಗಿಮನ್ಯಾಗ ಪಿಟೀಲು, ಹಾಸಿಗಿ ಮ್ಯಾಲ ಸುತ್ತಿಗಿ, ಗಡಿಯಾರದಾಗ ಮೀನು. ಇಂಥಾ ಮನ್ಯಾಗ ಕೊಲಿ ಆಗದ ಇನ್ನೇನ್ ಆಗತೈತಿ?"

ಮೂವತ್ತು ವರ್ಷ ದಿನಾ ಮಕ್ಕಳ ಆಟದ ಸಾಮಾನು ಎತ್ತಿಟ್ಟ ಕೈ ಅದು. ಹನ್ನೆರಡು ಸಾಮಾನು ತೆಗೆದರೂ ಕೋಣೆ ಮೊದಲಿನಷ್ಟೇ ಹೊಲಸಾಗಿರುವುದು ಅವಳಿಗೆ ಸಹಿಸಲಾಗುತ್ತಿರಲಿಲ್ಲ. ಒಮ್ಮೊಮ್ಮೆ ಪಟ್ಟಿಯಲ್ಲಿ ಇಲ್ಲದ್ದನ್ನೂ, ನೆಲಕ್ಕೆ ಬಿದ್ದ ಮೊಳೆಯನ್ನೂ ಒತ್ತುತ್ತ ಕೂರುತ್ತಿದ್ದಳು.

"ಅಕ್ಕಾ, ಮೊಳಿ ಕೇಳಿಲ್ಲ ಅಂವ."

"ಕೇಳಲಿಲ್ಲಂದ್ರ ನೆಲದ ಮ್ಯಾಲ ಬಿಡಾಕ ಬರತೈತೇನು? ಯಾರದರ ಕಾಲಾಗ ಚುಚ್ಚತೈತಿ."

ಒಗಟುಗಳಲ್ಲಿ ಕೊಳವೆ ಜೋಡಿಸುವುದೊಂದು ಬರುತ್ತದೆ. ತುಂಡು ತುಂಡು ಕೊಳವೆ ತಿರುಗಿಸಿ ಸರಿಯಾಗಿ ಕೂರಿಸಿದರೆ ನೀರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುತ್ತದೆ. ಅಕ್ಕ ಅದನ್ನು ಮೊದಲ ಸಲ ಮುಗಿಸಿ, ನೀರು ಕೊನೆಯ ಕೊಳವೆಗೆ ಮುಟ್ಟಿದ್ದನ್ನು ಬಹಳ ಹೊತ್ತು ನೋಡಿದಳು. ನಮ್ಮದು ಕಾಲುವೆ ಸೀಮೆ. ಕೊನೆಯ ಹೊಲದವನ ಪಾಡು ಇಲ್ಲಿ ಎಲ್ಲರಿಗೂ ಗೊತ್ತು.

"ಈ ಆಟ ಮಾಡಿದವ ಕಾಲುವಿ ನೋಡಿಲ್ಲ," ಎಂದಳು. "ಮೊದಲನೇದಕ್ಕ ಎಷ್ಟು ನೀರೋ ಕಡೀದಕ್ಕೂ ಅಷ್ಟ ಬಂದೈತಿ ನೋಡು. ನಡುವ ಒಬ್ಬರೂ ತಮ್ಮ ಹೊಲಕ್ಕ ಒಡಕೊಂಡಿಲ್ಲ."

ಹಿಂಟ್ ಎಂಬ ಗುಂಡಿಯ ಬಗ್ಗೆ ಮಾತ್ರ ಅವಳಿಗೆ ಸಿಟ್ಟೇ ಇತ್ತು. ಸಾಮಾನು ಸಿಗದಿದ್ದರೆ ಅದನ್ನು ಒತ್ತಬಹುದು. ಸಾಮಾನು ಇರುವ ಜಾಗದಲ್ಲಿ ಮಿಣುಕು ಬೆಳಕು ಬರುತ್ತದೆ. ಅಕ್ಕ ಅದನ್ನು ಒಮ್ಮೆಯೂ ಮುಟ್ಟಲಿಲ್ಲ. "ಪರೀಕ್ಷಾದಾಗ ಕಾಪಿ ಹೊಡದಂಗ ಅದು. ಕಾಣೂತನಕ ಕುಂದ್ರಬೇಕು. ಹುಡುಕೂದು ಅಂದ್ರ ಕುಂದ್ರೂದು."

ಇಂಗ್ಲಿಷಿನದು ಬೇರೆಯೇ ಕತೆ. ಗೋಡೆಯ ಚಿತ್ರಪಟದಲ್ಲಿ ಮಕ್ಕಳಿಗೆ ಕಲಿಸಿದ ಇಂಗ್ಲಿಷ್ ಅವಳದು. ಬಾಲು, ಛತ್ರಿ, ಆನೆ ಇವೆಲ್ಲ ಬರುತ್ತಿದ್ದವು. ಅದರಾಚೆ ಹೋದರೆ ಕುಷ್ಟಗಿಗೆ ಫೋನು. ಒಂದು ದಿನ ಪಟ್ಟಿಯಲ್ಲಿ ಕ್ರೇನ್ ಎಂದಿತ್ತು.

"ಕ್ರೇನ್ ಎಲ್ಲೈತವ್ವ ಇದರಾಗ?" ಎಂದು ನನ್ನ ಮಗಳನ್ನು ಕೇಳಿದಳು. "ನಾ ಮುನಿರಾಬಾದ್ ಡ್ಯಾಮಿನ್ಯಾಗ ಕ್ರೇನ್ ನೋಡೀನಿ. ಅದು ಒಳಗ ಬಂದ್ರ ಈ ಖೋಲಿ ಉಳಿತೈತೇನು?"

"ಅತ್ತಿ, ಕ್ರೇನ್ ಅಂದ್ರ ಕೊಕ್ಕರಿನೂ ಹೌದು."

"ಎರಡಕ್ಕೂ ಒಂದ ಹೆಸರ? ಮೊದಲ ಯಾವುದಕ್ಕ ಇಟ್ರು?"

"ಕೊಕ್ಕರಿಗೆ."

ಅಕ್ಕ ಸ್ವಲ್ಪ ಯೋಚಿಸಿದಳು. "ಹಂಗಾದ್ರ ತಪ್ಪು ಕೊಕ್ಕರೀದಲ್ಲ ಬಿಡು."

ಇನ್ನೊಂದು ದಿನ ಥಿಂಬಲ್ ಬಂತು. ಮಗಳು ಸಾಲೆಯಲ್ಲಿ ಪಾಠ ಮಾಡುತ್ತಿದ್ದಳು, ಫೋನು ಎತ್ತಿ ಪಿಸುಗುಟ್ಟಿದಳು: "ಹೊಲಿಯುವಾಗ ಸೂಜಿ ಚುಚ್ಚಬಾರದಂತ ಬೆರಳಿಗೆ ಹಾಕೂ ಟೊಪಗಿ ಅತ್ತಿ, ಫೋನ್ ಇಡ್ಲಾ?" ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಬೆರಳ ಟೊಪಗಿ. ಅದು ಆಟದಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಬಂದಾಗಲೆಲ್ಲ ಅಕ್ಕನಿಗೆ ಹಳೆಯ ಪರಿಚಯದವರು ಬಂದಷ್ಟು ಸಂತೋಷ.

ಇಷ್ಟೇ ಆಗಿದ್ದರೆ ನನಗೆ ನಡೆಯುತ್ತಿತ್ತು. ಆದರೆ ಮನೆಗೆ ಬೀಗರು ಬರುತ್ತಾರಲ್ಲ! ಮದುವೆಯಾದ ವರ್ಷವೇ ಕುಷ್ಟಗಿಯಿಂದ ಬೀಗರು, ಬೀಗತಿ ನನ್ನ ಮಗಳನ್ನು ಕರೆದುಕೊಂಡು ಬಂದರು. ಚಹಾ ಕೊಟ್ಟಾಗಿತ್ತು. ಬೀಗರು ಮರ್ಯಾದೆಗೆಂದು ಕೇಳಿದರು: "ಆರಾಮದೀರೇನ್ರಿ ಅಕ್ಕಾರ?"

"ಎಲ್ಲೀ ಆರಾಮರಿ ಬೀಗರ. ಆ ಮನ್ಯಾಗ ನಿನ್ನಿ ಮತ್ತೊಬ್ಬಾಕಿ ಸತ್ಲು."

"ಅಯ್ಯ, ಯಾರ್ರಿ?"

"ಅಡಿಗಿ ಮಾಡಾಕಿರಿ. ಮೊದಲ ಯಜಮಾನ ಹೋದ. ಆಮ್ಯಾಲ ಡಾಕ್ಟರ್ ಹೋದ. ಈಗ ಈಕಿ. ಇಷ್ಟು ಹೆಣ ಬಿದ್ರೂ ಒಬ್ಬರೂ ಕಸ ಹೊಡದಿಲ್ರಿ. ನನಗ ಸೊಸಿ ಮ್ಯಾಲ ಸಂಶೆ ಐತಿ."

ಬೀಗತಿ ಕಪ್ಪು ಕೆಳಗಿಟ್ಟು ನನ್ನ ಮಗಳ ಕಡೆ ನೋಡಿದರು. ಬೀಗರು ಗಂಟಲು ಸರಿಮಾಡಿಕೊಂಡು, "ಇದು ಯಾವ ಓಣಿರಿ?" ಎಂದರು.

"ಓಣಿ ಅಲ್ರಿ," ಎಂದಳು ಅಕ್ಕ. "ಮೂರನೇ ಲೆವೆಲ್."

ಅವರನ್ನು ಬಸ್ಸು ಹತ್ತಿಸಿ ಬಂದವನೇ ನಾನು ಕಂಪ್ಯೂಟರಿನ ಮೂಲೆಗೆ ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿದೆ. ಅಕ್ಕ ನೋಡಿ, "ಫೋಟೋ ಸ್ಟುಡಿಯೋ ಆತಲ್ಲೋ" ಎಂದು ನಕ್ಕು ಒಳಗೆ ಹೋಗಿ ಕುಳಿತಳು. ಹುಡುಕುವವಳನ್ನೇ ನಾನು ಅಡಗಿಸಿಟ್ಟಿದ್ದೆ.

ಮಿಲ್ಲಿನಲ್ಲಿ ಸುಳ್ಳು ಬೇರೆ ಹೇಳಿದ್ದೆ. ಗುಮಾಸ್ತ ಕೇಳಿದ್ದ: "ನಿಮ್ಮಕ್ಕಾರು ದಿನಾ ಕಂಪ್ಯೂಟರ್ ಮುಂದ ಇರತಾರಂತಲ್ಲ, ಏನ್ ಮಾಡತಾರ್ರಿ?" ನಾನು ತಡಮಾಡದೆ, "ಆನ್‌ಲೈನ್ ಕೆಲಸ, ಸರಕಾರದ್ದು" ಎಂದುಬಿಟ್ಟೆ. ಎರಡೇ ದಿನ. ಹಮಾಲರ ಹೆಂಗಸೊಬ್ಬಳು ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಾಗಿದೆಯೆಂದು ಕಾಗದಗಳ ಕಟ್ಟು ಹಿಡಿದು ನಮ್ಮ ಮನೆಗೇ ಬಂದಳು. ಸಂಜೆ ನಾನು ಬಂದು ನೋಡುತ್ತೇನೆ, ಸೀರೆ ಸರಿದಿದೆ, ಆ ಹೆಂಗಸು ಅಕ್ಕನ ಪಕ್ಕದ ಸ್ಟೂಲಿನ ಮೇಲೆ ಕುಳಿತು ಪರದೆಗೆ ಬೆರಳು ಹಚ್ಚಿ ತೋರಿಸುತ್ತಿದ್ದಾಳೆ.

"ಛತ್ರಿ ಸಿಕ್ತು ನೋಡ್ರಿ ಅಣ್ಣಾರ, ನಾನ ಹುಡುಕಿದೆ," ಎಂದಳು ನನಗೆ. ಅಕ್ಕ ಮುಖ ತಿರುಗಿಸದೆ ಹೇಳಿದಳು: "ನಾ ಆಟ ಆಡಾಕತ್ತೀನವ್ವ ಅಂತ ಆಕಿಗೆ ಖರೇ ಹೇಳೀನಿ. ಸರಕಾರದ ಕೆಲಸ ನಮ್ಮ ತಮ್ಮ ಮಾಡತಾನಂತ ಹೇಳಿ ಮಿಲ್ಲಿಗೆ ಕಳಸ್ತಿದ್ದೆ, ಅಷ್ಟ್ರಾಗ ನೀ ಬಂದಿ."

ಆ ಸ್ಟೂಲಿನ ಬಗ್ಗೆ ಹೇಳಬೇಕು. ಅಕ್ಕನ ಕುರ್ಚಿಯ ಪಕ್ಕ ಅದು ಯಾವಾಗಲೂ ಇರುತ್ತಿತ್ತು. ಸಂಜೆ ನಾನು ಮಿಲ್ಲಿನಿಂದ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಕೂಗು ಬರುತ್ತಿತ್ತು: "ತಮ್ಮಾ, ಹನ್ನೊಂದು ಸಿಕ್ಕಾವ. ಒಂದು ಉಳದೈತಿ, ಬಂದು ನೋಡು." ದಿನಾ ಒಂದು. ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ಹೋಗಿ ಸ್ಟೂಲಿನ ಮೇಲೆ ಕುಳಿತು ಹುಡುಕುತ್ತಿದ್ದೆ. ಅಕ್ಕ ಬೇರೆ ಕಡೆ ನೋಡುತ್ತ, "ಇವತ್ತ ಎಷ್ಟು ಲಾರಿ ಬಂದಿದ್ವು? ಆ ಜಗಳಗಂಟ ಡ್ರೈವರ್ ಬಂದಿದ್ನೇನು?" ಎಂದು ಕೇಳುತ್ತಿದ್ದಳು. ಕಣ್ಣು ಹುಡುಕುವುದರಲ್ಲಿದ್ದಾಗ ಬಾಯಿ ತಾನೇ ಬಿಚ್ಚಿಕೊಳ್ಳುತ್ತದೆ. ದಿನವಿಡೀ ಆಡದಷ್ಟು ಮಾತು ಆ ಕಾಲು ಗಂಟೆಯಲ್ಲಿ ಆಡುತ್ತಿದ್ದೆ. ಅಷ್ಟರಲ್ಲಿ ಸಾಮಾನು ಕಾಣುತ್ತಿತ್ತು. ಒತ್ತಿ, ಎದ್ದು, ಹೇಳುತ್ತಿದ್ದೆ: "ಇಷ್ಟೂ ಕಾಣಂಗಿಲ್ಲೇನಕ್ಕಾ ನಿನಗ? ಕನ್ನಡಕ ಬದಲಿ ಮಾಡ್ಸು."

"ನಿನ್ನ ಕಣ್ಣು ಚುರುಕ ಅದಾವ ಬಿಡು," ಎನ್ನುತ್ತಿದ್ದಳು. ನಾನು ಅದನ್ನು ನಂಬಿಯೂ ಇದ್ದೆ.

ಸೀರೆ ಕಟ್ಟಿದ ಮೇಲೆ ಆ ಕಡೆ ಹೋಗುವುದು ಕಡಿಮೆಯಾಯಿತು. ಕರೆದರೆ "ತಡಿ ಅಕ್ಕಾ" ಎನ್ನುತ್ತಿದ್ದೆ. ಆಮೇಲೆ ಅದನ್ನೂ ಅನ್ನದೆ ಕೈಕಾಲು ತೊಳೆಯಲು ಹೋಗುತ್ತಿದ್ದೆ. ಅವಳು ಕರೆಯುವುದನ್ನು ಬಿಡಲಿಲ್ಲ.

ಭತ್ತದ ಸುಗ್ಗಿಯ ಒಂದು ಬೆಳಿಗ್ಗೆ. ಮಿಲ್ಲಿನ ಮುಂದೆ ಲಾರಿಗಳ ಸಾಲು ನಿಂತಿದೆಯೆಂದು ಎರಡು ಸಲ ಫೋನು ಬಂದಿತ್ತು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದೆ. ಸೀರೆಯ ಹಿಂದಿನಿಂದ ಅಕ್ಕ ಕರೆದಳು. "ತಮ್ಮಾ, ಒಂದು ಉಳದೈತಿ, ಬಂದು ನೋಡು."

ಬೆಳಿಗ್ಗೆ ಎಂದೂ ಕರೆದವಳಲ್ಲ. ಅದನ್ನು ನಾನು ಗಮನಿಸಲಿಲ್ಲ.

"ಹಿಂಟ್ ಒತ್ತು ಅಕ್ಕಾ. ಅದಕ್ಕ ಇಟ್ಟಾರ ಅದನ್ನ," ಎಂದೆ.

"ಹೂಂ" ಎಂದಳು.

ಮಧ್ಯಾಹ್ನ ಎದೆನೋವೆಂದು ಹೆಂಡತಿ ಫೋನು ಮಾಡಿದಳು. ಕೊಪ್ಪಳದ ಆಸ್ಪತ್ರೆಗೆ ಒಯ್ದೆವು. ದಾರಿಯಲ್ಲಿ ಅಕ್ಕ ನನ್ನ ಕೈ ಹಿಡಿದುಕೊಂಡಿದ್ದಳು. ಮರುದಿನ ಅವಳ ದೇಹ ತಂದೆವು.

ಐದನೆಯ ದಿನ ಅಂಗನವಾಡಿಯ ಆಯಾ ಮರಳಿಯಿಂದ ಬಂದಳು. ಅಕ್ಕನ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದವಳು. ಅತ್ತು ಸಮಾಧಾನವಾದ ಮೇಲೆ, ಸೀರೆಯ ಮರೆಯಲ್ಲೇನಿದೆ ಎಂದು ಕೇಳಿದಳು. ಹೆಂಡತಿ ಆಟದ ವಿಷಯ ಹೇಳಿದಳು. ದಿನಾ ಒಂದು ಸಿಗದೆ ಉಳಿಯುತ್ತಿತ್ತು, ಇವರನ್ನು ಕರೆಯುತ್ತಿದ್ದರು ಎಂದೂ ಹೇಳಿದಳು. ಆಯಾ ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟಳು.

"ಇಲ್ಲೂ ಅದ ಮಾಡತಿದ್ರೇನ್ರಿ ಟೀಚರ್? ಸಾಲ್ಯಾಗ ಚಿತ್ರ ತೋರ್ಸಿ ಹೆಸರು ಹೇಳಸ್ತಿದ್ರು. ಎಲ್ಲಾ ಆದ ಮ್ಯಾಲ ಒಂದು ಬಿಡತಿದ್ರು. 'ಇದು ನನಗ ಸಿಗವಲ್ದು, ನೀ ಬಂದು ನೋಡು' ಅಂತ ಹಿಂದ ಕುಂತ ಕೂಸಿಗೆ ಅಂತಿದ್ರು. ಬಾಯಿ ಬಿಡದ ಕೂಸು ಇರತಾವಲ್ರಿ, ಅಂಥವಕ್ಕ. ಟೀಚರಿಗೆ ಕಾಣದ್ದು ನನಗ ಕಂಡೈತಿ ಅಂತ ಎದ್ದು ಬರತಿತ್ತು ಅದು. ಒಮ್ಮಿ ಬಂತಂದ್ರ ಆಮ್ಯಾಲ ಮಾತ ಮಾತು."

ಅಕ್ಕನ ಕಣ್ಣಿಗೆ ಏನೂ ಆಗಿರಲಿಲ್ಲ.

ಬಂದವರೆಲ್ಲ ಹೋದ ಮೇಲೆ ಸೀರೆ ಬಿಚ್ಚಿ ಮಡಚಿಟ್ಟೆ. ಕಂಪ್ಯೂಟರ್ ಹಚ್ಚಿದೆ. ಆಟ ಅವಳು ಬಿಟ್ಟಲ್ಲೇ ನಿಂತಿತ್ತು. ಹಳೆಯ ಬಂಗಲೆಯ ಒಂದು ಕೋಣೆ. ಹನ್ನೊಂದು ಹೆಸರು ಅಳಿಸಿದ್ದವು, ಒಂದು ಉಳಿದಿತ್ತು. ಥಿಂಬಲ್. ಹಿಂಟ್ ಗುಂಡಿಯನ್ನು ಮುಟ್ಟಿರಲಿಲ್ಲ, ಒತ್ತಿದರೆ ಆರುವ ಅದು ಇನ್ನೂ ಬೆಳಗುತ್ತಿತ್ತು. ನಾನು ಸ್ಟೂಲಿನ ಮೇಲೆ ಕುಳಿತು ಹುಡುಕಿದೆ. ಅಂದು ಸಿಗಲಿಲ್ಲ. ಮರುದಿನವೂ ಇಲ್ಲ. ಮಗಳು ಫೋನಿನಲ್ಲಿ, "ಅಪ್ಪಾ, ಹಿಂಟ್ ಒತ್ತಿಬಿಡು" ಎಂದಳು. "ಅದು ಕಾಪಿ ಹೊಡದಂಗ" ಎಂದೆ.

ನಾಲ್ಕನೆಯ ಸಂಜೆ ಕಂಡಿತು. ಕಿಟಕಿಯ ಪಕ್ಕದಲ್ಲಿ ಕಲ್ಲಿನ ಗೊಂಬೆಯೊಂದಿದೆ. ಅದರ ತೋರುಬೆರಳಿನ ತುದಿಗೆ ಟೊಪಗಿ ಹಾಕಿದ್ದಾರೆ. ಬೆರಳ ಟೊಪಗಿ ಬೆರಳಲ್ಲೇ ಇತ್ತು. ಅಕ್ಕನಿಗೆ ಅದು ಎರಡು ನಿಮಿಷದಲ್ಲಿ ಕಂಡಿರಬೇಕು. ಕಂಡು, ನನ್ನನ್ನು ಕರೆದಿದ್ದಳು.

ಮೌಸಿನ ಮೇಲೆ ಕೈ ಇಟ್ಟೆ, ಒತ್ತಲಿಲ್ಲ. ಎದ್ದು ಅಕ್ಕನ ಕುರ್ಚಿಗೆ ಹೋಗಿ ಕುಳಿತೆ. ಸ್ಟೂಲು ಖಾಲಿಯಾಯಿತು. ಕಂಡದ್ದನ್ನು ಕಾಣದ ಹಾಗೆ ಕೂರುವುದು ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು. ಬೇಡವೆಂದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಅಡುಗೆಮನೆಯಲ್ಲಿ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಅಕ್ಕ ಹೋದ ಮೇಲೆ ನಾವಿಬ್ಬರೂ ಊಟಕ್ಕೆ ಕರೆಯುವುದು ಬಿಟ್ಟು ಬೇರೆ ಮಾತೇ ಆಡಿರಲಿಲ್ಲ.

"ಕೇಳಿಸ್ತೇನು?" ಎಂದು ಕೂಗಿದೆ. "ಇಲ್ಲಿ ಒಂದು ಉಳದೈತಿ, ಬಂದು ನೋಡು."

ರೊಟ್ಟಿಯ ಸಪ್ಪಳ ನಿಂತಿತು.

"ಹಿಂಟ್ ಒತ್ರಿ. ನನ್ನ ಕೈ ಹಿಟ್ಟಾಗ್ಯಾವ."

"ಹೂಂ," ಎಂದೆ. ಸ್ಟೂಲನ್ನು ಒರೆಸಿ, ಹತ್ತಿರಕ್ಕೆ ಎಳೆದಿಟ್ಟು, ಬೇರೆ ಕಡೆ ನೋಡುತ್ತ ಕುಳಿತೆ.