ಉಜ್ಜಬಾರದ ರಿವಾಲ್ವರು

ನಮ್ಮ ಸದಲಗಾದಲ್ಲಿ ಜನ ಎಮ್ಮೆ ಕೂಡಿಸುತ್ತಾರೆ, ಕಬ್ಬಿನ ಹೊಲ ಕೂಡಿಸುತ್ತಾರೆ. ನಾನು ಹಳೆಯ ಪಿಸ್ತೂಲು ಕೂಡಿಸಿದೆ. ಊರಿಗೆ ಬಣ್ಣದ ಟಿವಿ ಆಗಷ್ಟೇ ಬರುತ್ತಿದ್ದ ಕಾಲ. ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡಿ ಮನೆಗೆ ಬಂದವನು, ಕೈಕಾಲು ತೊಳೆದು, ಗೋಡೆಯ ಗೂಡಿನ ಮುಂದೆ ಒಂದಿಷ್ಟು ನಿಲ್ಲದೆ ಚಹಾ ಕುಡಿದವನಲ್ಲ. ಆ ಗೂಡಿನಲ್ಲಿ ಮೊದಲು ಎರಡು ಪಿಸ್ತೂಲುಗಳಿದ್ದವು. ಒಂದಕ್ಕೆ ನಳಿಗೆ ಇರಲಿಲ್ಲ. ಇನ್ನೊಂದಕ್ಕೆ ನಳಿಗೆ ಬಿಟ್ಟರೆ ಏನೂ ಇರಲಿಲ್ಲ!

ಮೂರನೆಯದು ಕೊಗನೊಳ್ಳಿಯ ಸೋದರಮಾವನ ಟ್ರಂಕಿನಿಂದ ಬಂತು. ಕಾಡತೂಸು ಹುಟ್ಟುವ ಮೊದಲಿನ ರಿವಾಲ್ವರು. ತಿರುಗುವ ಗಾಲಿಯ ಆರು ಮನೆಗಳಿಗೆ ಮದ್ದುಗುಂಡು ತುಂಬಿ, ಹಿಂದೆ ಒಂದೊಂದು ತಾಮ್ರದ ಟೋಪಿ ಇಟ್ಟು, ದೀಪಾವಳಿಯ ಟಿಕಳಿ ಪಟಾಕಿಯ ಹಾಗೆ ಬಡಿಯುವಂಥದು. ಹಾರಿಸಲು ಬಾರದ ಹಳೆಯ ವಸ್ತುವೆಂದು ಲೈಸೆನ್ಸ್ ಕಚೇರಿಯವರೂ ನಕ್ಕು ಕಳಿಸಿದ್ದರು. ಮಾವನ ಅಜ್ಜ ಅದನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟವರು ಮತ್ತೆ ಬಿಚ್ಚಿರಲಿಲ್ಲವಂತೆ. ನಳಿಗೆಯ ಮೇಲೆ ನವಿಲಿನ ಕೊರಳಿನ ನೀಲಿ ಹಾಗೇ ಇತ್ತು.

ಸುದ್ದಿ ಅಥಣಿಯ ಅಣ್ಣಾಸಾಹೇಬರಿಗೆ ಮುಟ್ಟಿತು. ದ್ರಾಕ್ಷಿ ತೋಟದವರು, ಈ ಹವ್ಯಾಸದಲ್ಲಿ ನಮ್ಮ ಕಡೆಯ ಹಿರಿಯರು. ಬಂದರು, ಭೂತಗನ್ನಡಿ ಹಿಡಿದು ರಿವಾಲ್ವರಿನ ನಂಬರು ಓದಿದರು. ಮತ್ತೊಮ್ಮೆ ಓದಿದರು.

"ಇದರ ಪೆಟ್ಟಿಗಿ ನನ್ನ ಕಡೆ ಐತ್ರಿ! ಮುಚ್ಚಳದಾಗ ಇದ ನಂಬರ ಬರದೈತಿ. ಒಳಗ ಮಖಮಲ್ಲು, ಗುಂಡಿನ ಅಚ್ಚು, ಮದ್ದಿನ ಕುಪ್ಪಿ, ಎಲ್ಲಾ ಐತಿ. ರಿವಾಲ್ವರಿನ ಜಾಗಾ ಅಷ್ಟ ಖಾಲಿ. ದಸರಾ ಮುಗದ ಮ್ಯಾಲೆ ತಂದು ನಿಮಗ ಕೊಟ್ಟಬಿಡ್ತೀನಿ. ಎರಡೂ ಒಂದ ಕಡೆ ಇರಲಿ. ಆದರ ಒಂದ ಮಾತು. ಒರಸಬ್ಯಾಡ್ರಿ, ತಿಕ್ಕಬ್ಯಾಡ್ರಿ. ಇದರ ಕಿಮ್ಮತ್ತೆಲ್ಲಾ ಈ ಮೂಲ ಬಣ್ಣದಾಗ ಐತಿ."

ಅಂದಿನಿಂದ ನಾನು ಧೂಳಿನ ಕಾವಲುಗಾರನಾದೆ. ಹೆಂಡತಿ ಕಸ್ತೂರಿ ಗೂಡಿನ ಕಡೆ ಕಸಬರಿಗೆ ಎತ್ತಿದರೆ ಸಾಕು, ಓಡಿ ಹೋಗಿ ಅಡ್ಡ ನಿಲ್ಲುತ್ತಿದ್ದೆ.

ಖಂಡೇನವಮಿ ಬಂತು. ಮನೆಯ ಕಬ್ಬಿಣವೆಲ್ಲ ಅಂದು ದೇವರು. ಕುಡಗೋಲು, ಕೊಡಲಿ, ಈಳಿಗೆ, ನನ್ನ ಸೈಕಲ್ಲು, ಎಲ್ಲ ಸಾಲಾಗಿ ಕೂತವು.

"ಅದನ್ನೂ ತರ್ರಿ," ಎಂದಳು ಕಸ್ತೂರಿ.

"ಅದು ಬ್ಯಾಡ."

"ಯಾಕ? ಈಳಿಗಿಗೆ ಪೂಜಾ, ಪಿಸ್ತೂಲಿಗೆ ಇಲ್ಲ? ಅದು ಸಿಟ್ಟಿಗೆದ್ದರ ನೀವ ನೋಡ್ಕೊಳ್ರಿ!"

ನನಗೂ ಒಳಗೊಳಗೆ ಅಂಜಿಕೆ. ಪೆಟ್ಟಿಗೆ ಬರುವ ಹೊತ್ತಿನಲ್ಲಿ ಅಪಶಕುನ ಯಾಕೆ? "ಒಂದ ಹೂವು ಅಷ್ಟ," ಎಂದೆ. ಹೂವು ಜಾರಿತು. ಅದು ಅಂಟಿ ನಿಲ್ಲಲೆಂದು ಅವಳು ಹಸಿ ಕುಂಕುಮದ ಬೊಟ್ಟಿಟ್ಟಳು. ತಪ್ಪು ಅವಳದಲ್ಲ, "ಹೂವು ಜಾರಾಕತ್ತೈತಿ ನೋಡು" ಎಂದು ತೋರಿಸಿದವನು ನಾನೇ.

ಪೂಜೆ ಮುಗಿದ ಮೇಲೆ ಆ ಬೊಟ್ಟನ್ನು ಒದ್ದೆ ಟವೆಲ್ಲಿನಿಂದ ಮೆಲ್ಲಗೆ ಒರೆಸಿದೆ. ಕುಂಕುಮ ಹರಡಿತು. ಮತ್ತಷ್ಟು ನೀರು ಹಾಕಿದೆ. ಕುಂಕುಮ ಹೋಯಿತು, ನೀರು ಉಳಿಯಿತು. ಬೆಳಗಾಗುವಷ್ಟರಲ್ಲಿ ಅಲ್ಲಿ ತುಕ್ಕು!

ಬನ್ನಿ ಕೊಡಲು ಬಂದ ಪಕ್ಕದ ಮನೆಯ ತಾತ್ಯಾ ಬಗ್ಗಿ ನೋಡಿದ. "ಜಂಗ ಹತ್ತೈತಲ್ಲಪಾ! ಹುಣಸಿಹಣ್ಣ ಹಚ್ಚಿ ತಿಕ್ಕು, ಹೋಗ್ತೈತಿ."

ತಿಕ್ಕಿದೆ. ಜಂಗು ಹೋಯಿತು. ಅದರ ಕೂಡ ನೀಲಿಯೂ ಹೋಯಿತು! ರೂಪಾಯಿ ಅಗಲದ ಬಿಳಿ ಮಚ್ಚೆ ನನ್ನನ್ನೇ ನೋಡುತ್ತಿತ್ತು.

ಬುದ್ಧಿವಂತನಾದವನು ಇಲ್ಲಿಗೆ ನಿಲ್ಲಿಸುತ್ತಿದ್ದ. ನಾನು ವಿಚಾರ ಮಾಡಿದೆ. ಒಂದು ಕಡೆ ಬೆಳ್ಳಗಿದ್ದರೆ ತಾನೆ ಮಚ್ಚೆ? ಎಲ್ಲ ಕಡೆ ಬೆಳ್ಳಗಾದರೆ ಮಚ್ಚೆ ಎಲ್ಲಿಯದು? ಹುಣಸೆಹಣ್ಣು, ಬೂದಿ, ತೆಂಗಿನ ನಾರು ತೆಗೆದುಕೊಂಡು ಬಚ್ಚಲ ಕಲ್ಲಿನ ಮೇಲೆ ಕೂತೆ. ಶ್ರದ್ಧೆಯಿಂದ ತಿಕ್ಕಿದೆ.

"ಏನ್ರಿ, ನಮ್ಮವ್ವ ಕೊಟ್ಟ ತಂಬಿಗಿಗಿಂತ ಚಲೋ ಹೊಳ್ಯಾಕತ್ತೈತಿ!" ಕಸ್ತೂರಿ ಮನಸಾರೆ ಮೆಚ್ಚಿದಳು. ನಾನು ಅಳುವುದೊಂದೇ ಬಾಕಿ.

ಇನ್ನು ಅದನ್ನು ಮತ್ತೆ ಹಳೆಯದು ಮಾಡಬೇಕಲ್ಲ! ಒಲೆಯ ಮೇಲೆ ಹಗ್ಗ ಕಟ್ಟಿ ತೂಗುಬಿಟ್ಟೆ. ಅಣ್ಣಾಸಾಹೇಬರು ಬರುವತನಕ ಅದು ರೊಟ್ಟಿಯ ಹೊಗೆ ಕುಡಿಯಿತು. ಕಳೆದುಹೋದ ವಯಸ್ಸೆಲ್ಲ ಮರಳಿ ಬಂದ ಹಾಗೆ ಕಪ್ಪಾಯಿತು. ನನಗೆ ಜೀವ ಬಂತು.

ಅವರು ಬಿಳಿ ಧೋತರ ಉಟ್ಟು, ಅಷ್ಟು ದೂರ ಬಸ್ಸಿನಲ್ಲಿ ಪೆಟ್ಟಿಗೆಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದರು. ರಿವಾಲ್ವರು ಕೈಗೆ ತೆಗೆದುಕೊಂಡರು. ಕೈ ಕಪ್ಪಾಯಿತು. ಧೋತರದ ಮೇಲೆ ಐದೂ ಬೆರಳು ಮೂಡಿದವು!

"ಅಯ್ಯ, ಮಸಿ ಹತ್ತತೈತ್ರಿ! ತರ್ರಿ ಇಲ್ಲಿ," ಎಂದು ಕಸ್ತೂರಿ ಓಡಿ ಬಂದು ಬಟ್ಟೆಯಿಂದ ರಿವಾಲ್ವರನ್ನು ಚೆನ್ನಾಗಿ ಒರೆಸಿಕೊಟ್ಟಳು. ಫಳಫಳ ಹೊಳೆಯಿತು.

ಅಣ್ಣಾಸಾಹೇಬರು ಬಯ್ಯಲಿಲ್ಲ. ಪೆಟ್ಟಿಗೆ ತೆರೆದು, ಮಖಮಲ್ಲಿನ ಖಾಲಿ ಜಾಗದಲ್ಲಿ ಅದನ್ನು ಇಟ್ಟರು. ಎಳ್ಳಷ್ಟೂ ಅತ್ತಿತ್ತ ಆಗದೆ ಕೂತಿತು. ನನ್ನಲ್ಲಿ ಆಸೆ ಚಿಗುರಿತು. ಅವರು ಭೂತಗನ್ನಡಿ ತೆಗೆದು ನಳಿಗೆಯುದ್ದಕ್ಕೂ ನೋಡಿದರು.

"ಅಳತಿ ಬರೋಬ್ಬರಿ ಐತ್ರಿ. ಆದರ ನಾ ನೋಡಿದ್ದು ಇದಲ್ಲ."

ಎರಡೂ ಕೈಯಿಂದ ಅದನ್ನು ತೆಗೆದು ನನಗೆ ಕೊಟ್ಟು, ಪೆಟ್ಟಿಗೆ ಮುಚ್ಚಿದರು. ಚಹಾ ಪೂರ್ತಿ ಕುಡಿದೇ ಎದ್ದರು. ಬಸ್ ಸ್ಟ್ಯಾಂಡಿನವರೆಗೆ ಪೆಟ್ಟಿಗೆ ಹೊತ್ತುಕೊಳ್ಳುತ್ತೇನೆಂದೆ. "ಬ್ಯಾಡ್ರಿ" ಎಂದರು, ಸ್ವಲ್ಪ ಅವಸರದಲ್ಲೇ.

ಸಂಜೆ ಒಲೆಯ ಮುಂದೆ ಕೂತು ನಿಟ್ಟುಸಿರುಬಿಟ್ಟೆ. "ಈ ಮನ್ಯಾಗ ಒಂದರೆ ಸಾಮಾನು ಮೂಲ ಸ್ಥಿತಿಯೊಳಗ ಉಳಿಬಾರದಾಗಿತ್ತೇನ?"

ಕಸ್ತೂರಿ ರೊಟ್ಟಿ ತಿರುವಿದಳು. "ಉಳದೈತಲ್ರಿ, ನಿಮ್ಮ ಬುದ್ಧಿ. ಇಷ್ಟ ವರ್ಷ ಆತು, ಯಾರೂ ತಿಕ್ಕಿಲ್ಲ!"