ಗೋವಾದ ಬಿಸಿಕೋಣೆಯೂ ನಮ್ಮ ಬ್ಯಾರನ್ನೂ

ಸುಮ್ಮನೆ ಕೂರುವುದು ಸೋಮಾರಿಗಳ ಕೆಲಸ ಎಂದು ನಾನು ಬಹಳ ಕಾಲ ನಂಬಿದ್ದೆ. ಈಗ ಹಾಗೆ ಹೇಳುವುದಿಲ್ಲ. ಅದಕ್ಕೆ ಗಟ್ಟಿ ಮನಸ್ಸು ಬೇಕು, ಗಟ್ಟಿ ಬೆನ್ನು ಬೇಕು, ಜೊತೆಗೆ ಎದ್ದರೆ ಎಲ್ಲಿಗೆ ಎಂದು ಕೇಳುವ ಹೆಂಡತಿಯೂ ಪಕ್ಕದಲ್ಲಿರಬೇಕು. ಮೂರೂ ನನಗಿವೆ ಎಂಬ ಧೈರ್ಯದಿಂದಲೇ ನಾನು ಗೋವಾಕ್ಕೆ ಹೊರಟದ್ದು.

ಹನಗೋಡಿನ ಪಕ್ಕದ ತಂಬಾಕು ಬೆಳೆಗಾರನಿಗೂ ಗೋವಾಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಬೆಳೆಸಿದ್ದು ಒಂದು ಗೊಬ್ಬರದ ಮೂಟೆ. ಅದರೊಳಗಿದ್ದ ಕೂಪನ್ನನ್ನು ನನ್ನ ಹೆಂಡತಿ ಜಯಮ್ಮ ಹುಣಸೂರಿನ ಅಂಗಡಿಯ ಡಬ್ಬಕ್ಕೆ ಹಾಕಿ ಬಂದಿದ್ದಳು. ನಾನು ಮರೆತೇಬಿಟ್ಟಿದ್ದೆ. ಒಂದು ದಿನ ಅಂಗಡಿಯವನು ಮನೆ ತನಕ ಬಂದು, ದಂಪತಿಗೆ ಸಮುದ್ರದ ದಡದ ರೆಸಾರ್ಟಿನಲ್ಲಿ ಮೂರು ದಿನ ವಾಸ ಎಂಬ ಬಹುಮಾನದ ಕಾಗದ ಕೊಟ್ಟ. ಅದರ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ, ಸೆಪ್ಟೆಂಬರ್ ಮುಗಿಯುವುದರೊಳಗೆ ಬರತಕ್ಕದ್ದು ಎಂದಿತ್ತು. ಮಳೆ ಇನ್ನೂ ಬಿಟ್ಟಿರದ, ಬೇರೆ ಯಾರೂ ಆ ಕಡೆ ತಲೆ ಹಾಕದ ಕಾಲವನ್ನು ನಮಗೆ ಉದಾರವಾಗಿ ಕೊಟ್ಟಿದ್ದರು.

ಆದರೆ ಸೆಪ್ಟೆಂಬರ್ ಎಂದರೆ ನಮ್ಮಲ್ಲಿ ಬ್ಯಾರನ್ನಿನ ಕಾಲ. ತಿಳಿಯದವರಿಗೆ ಹೇಳಬೇಕು. ಬ್ಯಾರನ್ ಎಂದರೆ ತಂಬಾಕಿನ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಅಂತಸ್ತಂತಸ್ತಾಗಿ ನೇತುಹಾಕಿ, ಹೊರಗಿನ ಒಲೆಯ ಶಾಖದಲ್ಲಿ ಐದಾರು ದಿನ ಹದ ಮಾಡುವ ಎತ್ತರದ ಕೋಣೆ. ಶಾಖವನ್ನು ಮೆಲ್ಲಗೆ ಏರಿಸಬೇಕು. ಮೊದಲು ಸೊಪ್ಪು ಹಳದಿಯಾಗಬೇಕು, ಆಮೇಲೆ ಬಣ್ಣ ನಿಲ್ಲಬೇಕು, ಕೊನೆಗೆ ನಡುವಿನ ದಂಟು ಒಣಗಬೇಕು. ಅವಸರ ಮಾಡಿದರೆ ಸೊಪ್ಪು ಬೆಂದು ಕೆಡುತ್ತದೆ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ನಮ್ಮ ಸುತ್ತಮುತ್ತ ಇಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿರುವುದೊಂದೇ ಕೊರತೆ. ಅರ್ಧ ಗಂಟೆಗೊಮ್ಮೆ ಹೋಗಿ, ಗಾಜಿನ ಕಿಂಡಿಯಲ್ಲಿ ಶಾಖದ ಮೀಟರು ನೋಡಿ, ಅದು ಸಾಲದೆಂದು ಬಾಗಿಲು ತೆಗೆದು, ಸೊಪ್ಪು ಮುಟ್ಟಿ, ಮೂಸಿ ಬರದಿದ್ದರೆ ನನಗೆ ಊಟ ಸೇರದು.

ಅದಕ್ಕೇ ಜಯಮ್ಮನಿಗೆ ಸಿಟ್ಟು. ಮದುವೆಯಾಗಿ ಹದಿನೆಂಟು ವರ್ಷವಾದರೂ ಬ್ಯಾರನ್ನಿನ ಕಾಲದಲ್ಲಿ ನಾನು ಅವಳ ಪಕ್ಕ ಕೂತು ಒಂದು ಲೋಟ ಕಾಫಿ ಮುಗಿಸಿದ್ದಿಲ್ಲ. "ನಿಮ್ಗೆ ಬ್ಯಾರನ್ನೇ ಎಂಡ್ತಿ. ನಾನು ಸೊಪ್ಪು ಕಟ್ಟಕ್ಕೆ ಬಂದ ಆಳು" ಎಂದು ಅವಳು ನಗುತ್ತಲೇ ಹೇಳಿದಳು. ನನಗೆ ಚುರುಕ್ಕೆಂದಿತು. ಮೂರು ದಿನ ನಿನ್ನ ಪಕ್ಕದಿಂದ ಏಳುವುದಿಲ್ಲ ಎಂದುಬಿಟ್ಟೆ.

ಅವಳು ಅಷ್ಟಕ್ಕೇ ಬಿಡುವ ಪೈಕಿ ಅಲ್ಲ. "ಬ್ಯಾರನ್ ಸುದ್ದಿ ಎತ್ತಂಗಿಲ್ಲ. ಊರ್ಗೆ ಫೋನ್ ಮಾಡಂಗಿಲ್ಲ. ಎತ್ತುದ್ರೋ, ಈ ವರ್ಸ ಪೂರ್ತಿ ಬ್ಯಾರನ್ ಬೀಗದ್ಕೈ ರಮೇಶುಂಗೆ."

ರಮೇಶ ನನ್ನ ತಮ್ಮ. ಒಲೆಗೆ ಸೌದೆ ಒಡ್ಡುವುದನ್ನು ಬಿಟ್ಟು ಬೇರೇನನ್ನೂ ನಾನು ಅವನ ಕೈಗೆ ಕೊಟ್ಟವನಲ್ಲ. ಬೀಗದ ಕೈ ಹತ್ತು ವರ್ಷದಿಂದ ನನ್ನ ಉಡಿದಾರದಲ್ಲೇ ಇತ್ತು. ಅದು ಹೋಯಿತೆಂದರೆ ಊರಿನಲ್ಲಿ ನಾನು ಯಾರು? ಆದರೂ ಒಪ್ಪಿದೆ, ಏಕೆಂದರೆ ಸೋಲುವ ಪ್ರಶ್ನೆಯೇ ಇರಲಿಲ್ಲ. ಹೊಸದಾಗಿ ಸೊಪ್ಪು ಏರಿಸಿದ ಬ್ಯಾರನ್ನನ್ನು ರಮೇಶನಿಗೆ ಒಪ್ಪಿಸಿ, ಯಾವ ಹೊತ್ತಿಗೆ ಏನು ಮಾಡಬೇಕೆಂದು ನಾಲ್ಕು ಹಾಳೆ ಬರೆದುಕೊಟ್ಟು, ಬೀಗದ ಕೈಯನ್ನು ಹೋಗಿ ಬರುವ ಐದು ದಿನದ ಮಟ್ಟಿಗೆ ಎಂದು ಮೂರು ಸಲ ಹೇಳಿ ಕೊಟ್ಟು, ಬಸ್ಸು ಹತ್ತಿದೆ.

ರೆಸಾರ್ಟು ಸೊಗಸಾಗಿತ್ತು. ಗರಿ ಹೊದಿಸಿದ ಚಪ್ಪರ, ಅದರಡಿ ಉದ್ದುದ್ದ ಕುರ್ಚಿ, ಎದುರಿಗೆ ಸಮುದ್ರ. ನಮ್ಮನ್ನು ನೋಡಿಕೊಳ್ಳಲು ಇದ್ದವನು ಹಾವೇರಿ ಕಡೆಯ ಬಸಣ್ಣ. ಕನ್ನಡ ಕೇಳಿ ನಮಗೆ ಜೀವ ಬಂತು. ಜಯಮ್ಮ ಮರಳಲ್ಲಿ ಕಾಲು ಹುಗಿದು ಕೂತಳು. ಅವಳ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಕಂಡಿರಲಿಲ್ಲ, ಕಂಡು ಖುಷಿಯಾಯಿತು. ಮೊದಲ ದಿನ ಸಂಜೆಯವರೆಗೂ ಕೂತೆ. ಬಾಯಲ್ಲಿ ಬ್ಯಾರನ್ನಿನ ಮಾತಿಲ್ಲ. ಮನಸ್ಸಿನಲ್ಲಿ ಮಾತ್ರ, ಈಗ ತುದಿ ಹಳದಿಯಾಗಿರಬೇಕು, ಈಗ ಮೇಲಿನ ಕಿಟಕಿ ತೆಗೆಯಬೇಕು ಎಂದು ನಡೆದೇ ಇತ್ತು. ಮನಸ್ಸಿನೊಳಗಿನದಕ್ಕೆ ಕರಾರು ಅನ್ವಯಿಸುವುದಿಲ್ಲ.

ಎರಡನೇ ದಿನ ಬಸಣ್ಣ ನಮ್ಮನ್ನು ಹತ್ತಿರದಲ್ಲೇ ಇದ್ದ ವೈನ್ ಮಾಡುವ ಮನೆಗೆ ಕರೆದೊಯ್ದ. ತಣ್ಣನೆಯ ನೆಲಮಾಳಿಗೆಯಲ್ಲಿ ಸಾಲಾಗಿ ಮರದ ಪೀಪಾಯಿಗಳು. ಅಲ್ಲಿದ್ದ ಮುದುಕ ಪುಟ್ಟ ಗ್ಲಾಸಿನಲ್ಲಿ ಕೆಂಪು ವೈನ್ ಕೊಟ್ಟ. ನಾನು ಹರಾಜುಕಟ್ಟೆಯಲ್ಲಿ ಸೊಪ್ಪು ಮೂಸುವಂತೆ ಮೂಸಿ, ಒಂದು ತೊಟ್ಟನ್ನು ಬೆರಳಲ್ಲಿ ತಿಕ್ಕಿ, ಪರವಾಗಿಲ್ಲ ಎಂದು ತಲೆಯಾಡಿಸಿದೆ. ಮುದುಕ ಗಾಬರಿಯಾದ. ಜಯಮ್ಮ ಒಂದು ಗುಟುಕು ಕುಡಿದು, "ಸೀಗೇಕಾಯಿ ನೆನಾಕಿದ ನೀರಂಗದೆ ಕಣ್ರೀ" ಎಂದಳು. ಗ್ಲಾಸನ್ನು ಮಾತ್ರ ಖಾಲಿ ಮಾಡಿದಳು.

ಪೀಪಾಯಿಯನ್ನು ದಿನಕ್ಕೆ ಎಷ್ಟು ಸಲ ತೆಗೆದು ನೋಡುತ್ತೀರಿ ಎಂದು ನಾನು ಕೇಳಿದೆ. ಇದು ವೈನಿನ ಸುದ್ದಿ, ಬ್ಯಾರನ್ನಿನದಲ್ಲ. ಮುದುಕ ಹೇಳಿದ್ದನ್ನು ಬಸಣ್ಣ ಕನ್ನಡ ಮಾಡಿದ.

"ತಗಿಯೂದ ಇಲ್ಲಂತ್ರೀ ಯಜಮಾನ್ರ. ಮುಚ್ಚಿ ಸುಮ್ನ ಬಿಡ್ತಾರಂತ. ಗಳಿಗಿಗೊಮ್ಮೆ ತಗದು ನೋಡಿದ್ರ ಗಾಳಿ ಹೊಕ್ಕು ಹುಳಿ ಆಕ್ಕೈತಂತ."

ಜಯಮ್ಮ ನನ್ನನ್ನು ನೋಡಿದಳು. ನಾನು ಗೋಡೆ ನೋಡಿದೆ.

ಮೂರನೇ ದಿನ ಬೆಳಿಗ್ಗೆ ಇನ್ನು ಗೆದ್ದಂತೆಯೇ ಎಂದುಕೊಂಡು, ಕೈ ತೊಳೆಯುವ ನೆಪದಲ್ಲಿ ಈಜುಕೊಳದ ಕಡೆ ಹೋದೆ. ಅಲ್ಲೊಂದು ಸಣ್ಣ ಮರದ ಕೋಣೆ. ಬಾಗಿಲಲ್ಲಿ ಗಾಜಿನ ಕಿಂಡಿ. ಒಳಗೆ ಗೋಡೆಗೆ ಶಾಖದ ಮೀಟರು. ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಇಣುಕಿದರೆ ಮೇಲಿನ ಅಂತಸ್ತಿನಲ್ಲಿ ಬರೀ ಟವೆಲು ಸುತ್ತಿಕೊಂಡ ದಪ್ಪನೆಯ ವಿದೇಶೀಯನೊಬ್ಬ ಕಣ್ಣು ಮುಚ್ಚಿ ಕೂತಿದ್ದಾನೆ. ಮೈಯೆಲ್ಲ ಕೆಂಪಾಗಿದೆ, ಬೆವರು ಸುರಿಯುತ್ತಿದೆ. ಮೀಟರು ನೋಡಿದೆ. ದಂಟು ಒಣಗಿಸುವ ಕೊನೆಯ ದಿನದ ಶಾಖ. ಬೆವರು ಮಾತ್ರ ಮೊದಲ ದಿನದ್ದು.

ತಡೆಯಲಾಗಲಿಲ್ಲ. ಬಾಗಿಲನ್ನು ಪೂರ್ತಿ ತೆಗೆದು ತೇವ ಹೊರಹೋಗಲು ಬಿಟ್ಟೆ. ಗೋಡೆಯ ಕಿಟಕಿಯನ್ನೂ ಸರಿಸಿದೆ. ಆಮೇಲೆ, ಅಭ್ಯಾಸ ನೋಡಿ, ಅವನ ತೋಳನ್ನು ಎರಡು ಬೆರಳಲ್ಲಿ ಒತ್ತಿ ಹದ ನೋಡಿದೆ. ಅವನು ಕಣ್ಣು ಬಿಟ್ಟ. "ಮೊದಲ್ನೇ ದಿನಾನೇ ಈ ಪಾಟಿ ಬೆಂಕಿ ಕೊಟ್ರೆ ಸೊಪ್ಪು ಬೆಂದೋಯ್ತದೆ ಕಣಯ್ಯ. ನಮ್ ಬ್ಯಾರನ್ನಲ್ಲಿ ನಾನು ಇಂಗೆ ಮಾಡಾದೇ ಇಲ್ಲ" ಎಂದು ಅವನಿಗೆ ಬುದ್ಧಿ ಹೇಳಿದೆ. ಅವನು ಏನೋ ಗುಡುಗಿದ.

"ಬಾಗಲಾ ಹಾಕ್ರಿ ಅನ್ನಾಕತ್ಯಾರ್ರೀ. ಅದು ಮೈ ಬೆವರಸೂ ಸೌನಾ ಖೋಲಿ ಐತ್ರೀ" ಎಂದು ಹಿಂದಿನಿಂದ ಬಸಣ್ಣನ ದನಿ ಬಂತು. ತಿರುಗಿದೆ. ಬಸಣ್ಣನ ಪಕ್ಕದಲ್ಲಿ ಜಯಮ್ಮ ನಿಂತಿದ್ದಳು.

ಅವಳು ಜಗಳ ಮಾಡಲಿಲ್ಲ. ಬೀಗದ ಕೈ ಸುದ್ದಿಯನ್ನೂ ಎತ್ತಲಿಲ್ಲ. ಕೈ ಹಿಡಿದು ಕರೆತಂದು, "ಇನ್ನೊಂದೊತ್ತು ಅದೆ. ಕುತ್ಕಳಿ" ಎಂದಳು. ನನಗೆ ನಾಚಿಕೆಯಾಯಿತು. ಆ ಮಧ್ಯಾಹ್ನ ನಿಜವಾಗಿಯೂ ಕೂತೆ. ಹಾಗೆ ಕೂತಾಗಲೇ ಅವಳ ಬೈತಲೆಯ ಎರಡೂ ಬದಿ ಕೂದಲು ಬೆಳ್ಳಗಾಗಿರುವುದನ್ನು ನೋಡಿದ್ದು. ಸೊಪ್ಪಿನ ಬಣ್ಣ ತಿರುಗುವುದನ್ನು ಗಂಟೆ ಲೆಕ್ಕದಲ್ಲಿ ಹೇಳಬಲ್ಲ ನನಗೆ ಇದು ಯಾವಾಗ ಆಯಿತೆಂದು ಗೊತ್ತಿರಲಿಲ್ಲ.

ಊರಿಗೆ ಬಂದಾಗ ರಮೇಶ ಬ್ಯಾರನ್ನಿನಿಂದ ಹದವಾದ ಸೊಪ್ಪು ಇಳಿಸಿದ್ದ. ತಪ್ಪು ಹುಡುಕಲೆಂದೇ ಸೊಪ್ಪನ್ನು ಬೆಳಕಿಗೆ ಹಿಡಿದೆ. ಅಪ್ಪಟ ನಿಂಬೆಹಣ್ಣಿನ ಬಣ್ಣ. ಒಂದು ಕಲೆಯಿಲ್ಲ. ಹತ್ತು ವರ್ಷದಲ್ಲಿ ನನ್ನ ಕೈಯಲ್ಲಿ ಅಂಥ ಸೊಪ್ಪು ಬಂದಿರಲಿಲ್ಲ.

"ಏನ್ಲಾ ಮಾಡ್ದೆ?" ಎಂದೆ.

"ಏನೂ ಮಾಡ್ನಿಲ್ಲ ಕಣಣ್ಣ. ನೀನ್ ಬರ್ಕೊಟ್ಟಿದ್ ಆಳೆ ಎಲ್ಲೋ ಬಿದ್ದೋದೊ. ಕಿಂಡೀಲಿ ನೋಡ್ಕಂಡು ಬೆಂಕಿ ಏರುಸ್ದೆ. ಬಾಗ್ಲು ತೆಗೀನಿಲ್ಲ. ನೀನಾಗಿದ್ರೆ ತೆಗೀತಿದ್ದೆ."

ಅವನು ಬೀಗದ ಕೈ ಚಾಚಿದ. ಜಯಮ್ಮ ನಡುಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಿನ್ನ ಹತ್ತಿರವೇ ಇರಲಿ ಎಂದೆ. ಹೇಳಿ, ಖಾಲಿ ಉಡಿದಾರವನ್ನೊಮ್ಮೆ ಮುಟ್ಟಿ ನೋಡಿಕೊಂಡೆ.

ಆವತ್ತಿನಿಂದ ನಾನು ಜಗಲಿಯಲ್ಲಿ ಸುಮ್ಮನೆ ಕೂರುವವನಾಗಿದ್ದೇನೆ. ಸುಮ್ಮನೆ ಬಿಡುವುದರ ಬೆಲೆ ಈಗ ನನಗೆ ಗೊತ್ತು. ಆದರೆ ರಮೇಶನಿಗೆ ಗೊತ್ತಿರಬೇಕಲ್ಲ? ಚಿಕ್ಕವನು, ಅವಸರದಲ್ಲಿ ಬಾಗಿಲು ತೆಗೆದುಬಿಟ್ಟರೆ? ಅದಕ್ಕೇ ಅರ್ಧ ಗಂಟೆಗೊಮ್ಮೆ ಬ್ಯಾರನ್ನಿನ ಹಿಂದೆ ಹೋಗಿ ಮರೆಯಲ್ಲಿ ನಿಂತು ನೋಡಿಕೊಂಡು ಬರುತ್ತೇನೆ. ನಿನ್ನೆಯೂ ಬಂದೆ. ಜಗಲಿಯ ಮೇಲೆ ಜಯಮ್ಮ ಎರಡು ಲೋಟ ಕಾಫಿ ಇಟ್ಟುಕೊಂಡು ಕೂತಿದ್ದಳು.

"ತೆಗುದ್ನಾ ಬಾಗ್ಲ?"

"ಇಲ್ಲ" ಎಂದೆ, ತೃಪ್ತಿಯಿಂದ.

"ಅವ್ನು ಸೊಪ್ಪುನ್ನ ಸುಮ್ಕೆ ಬುಟ್ಟವ್ನೆ. ನೀವು ಅವುನ್ನ ಯಾವಾಗ ಬುಡ್ತೀರಿ?"

ನಾನು ಅವಳ ಪಕ್ಕ ಕೂತು ಕಾಫಿ ಕುಡಿದೆ. ತಣ್ಣಗಾಗಿ ಕೆನೆ ಕಟ್ಟಿತ್ತು. ಅವಳ ಲೋಟದಲ್ಲೂ ಕೆನೆ ಕಟ್ಟಿತ್ತು.